ಗಾದಿ ಬಿಟ್ಟುಕೊಡದ ಚಮನಬೀ

ಸುರಪುರಕ್ಕೆ ಅಂಟಿಕೊಂಡ ರಂಗಂಪೇಟೆಯ ಆ ಓಣಿಯಲ್ಲಿ ಬೆಳಗಾಗುವುದು ಕೋಳಿಯಿಂದಲ್ಲ, ಚಮನಬೀಯವರ ಬೈಗುಳದಿಂದ. ಮೊದಲು ಅವರ ಬಾಯಿ ಏಳುತ್ತದೆ, ಹಿಂದೆಯೇ ಅವರ ಕಮಾನು. ಅರಳೆ ಪಿಂಜುವವರಿಗೆ ಗಾಳಿಯಂಥ ವೈರಿ ಇನ್ನೊಂದಿಲ್ಲ. ಅದು ಎದ್ದು ಮೈಮುರಿಯುವಷ್ಟರಲ್ಲಿ ಅರ್ಧ ಕೆಲಸ ಮುಗಿದಿರಬೇಕು. ಅಂಗಳದ ಬೇವಿನ ಕೊಂಬೆಗೆ ಆಳೆತ್ತರದ ಮರದ ಕಮಾನು ಹಗ್ಗದಲ್ಲಿ ತೂಗುತ್ತದೆ. ಅದಕ್ಕೆ ತಂತಿಯಂತೆ ಬಿಗಿದ ನರಕ್ಕೆ ಮರದ ಸುತ್ತಿಗೆಯಂಥ ಕೊಡತಿಯಿಂದ ಬಡಿದರೆ ‘ಟೊಂಯ್’ ಎಂದು ನರ ನಡುಗುತ್ತದೆ. ಗಂಟುಗಟ್ಟಿದ ಅರಳೆ ಬಿಡಿಬಿಡಿಯಾಗಿ ಮೇಲೆದ್ದು ಹೂವಿನಂತೆ ಕೆಳಗಿಳಿಯುತ್ತದೆ. ಚಮನಬೀಯವರ ಹುಬ್ಬು, ರೆಪ್ಪೆ, ಸೆರಗು ಎಲ್ಲ ಬೆಳ್ಳಗಾಗುತ್ತವೆ. ಮುಂಜಾನೆ ಅವರಿಗೆ ತೊಂಬತ್ತು ವರ್ಷ. ಮುಖ ತೊಳೆದ ಮೇಲೆ ಐವತ್ತು.

ಇವತ್ತು ಬಾಯಿ ಎದ್ದಿದೆ, ಕಮಾನು ಎದ್ದಿಲ್ಲ. ಚಮನಬೀ ಸೊಂಟದೆತ್ತರದ ಅರಳೆ ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಒಂದೊಂದೇ ಚಿಟಿಕೆ ತೆಗೆದು ಮೂಡಣದ ಬೆಳಕಿಗೆ ಹಿಡಿಯುತ್ತಾರೆ, ಎಳೆ ಎಳೆದು ನೋಡುತ್ತಾರೆ, ಎಡಕ್ಕೋ ಬಲಕ್ಕೋ ಇಡುತ್ತಾರೆ. ಎಡಕ್ಕೊಂದು ಹಿಡಿ ಕೂಡಿದೆ, ಬಲಕ್ಕೆರಡು ಹಿಡಿ. ನಡುವಿನ ರಾಶಿ ಇದ್ದಂತೆಯೇ ಇದೆ.

“ಇದು ಹಳೇದು. ಇದು ಹೊಸಾದು. ಇದು ಹೊಸಾದು. ಇದು... ಇದು ನಿಮ್ಮ ತಲಿ!”

ಕೊನೆಯದು ಹೊರಸಿನ ಮೇಲೆ ಗೋಡೆಗೊರಗಿ ಕೂತ ಗಂಡ ಮಸ್ತಾನಸಾಬರಿಗೆ.

“ನನ್ನ ತಲಿ ಹಳೇದ ಅದ. ಹಳೇ ಕಡಿಗೆ ಇಡು,” ಎನ್ನುತ್ತಾರೆ ಮಸ್ತಾನಸಾಬ. ಆಮೇಲೆ ಕೆಮ್ಮುತ್ತಾರೆ. ಅವರ ಮಾತಿಗೆ ಅವರ ಕೆಮ್ಮೇ ಪೂರ್ಣವಿರಾಮ.

“ನಗಬ್ಯಾಡ್ರಿ ಮತ್ತ. ಪಂಪಣ್ಣ ಸಾವ್ಕಾರ್ರು ಬಸ್ಸು ಹತ್ತಿರ್ತಾರ ಈಗ. ಅವ್ರ ಮುಂದ ಇದನ್ನ ಏನಂತ ಇಡ್ಲಿ? ಅವ್ರನ್ನರ ಬಿಡ್ರಿ, ದ್ಯಾವಪ್ಪಗ ಏನಂತ ಹೇಳ್ಲಿ?”

ದ್ಯಾವಪ್ಪ ಹೊಳೆಯ ಪಾಲಾಗಿ ಏಳು ವರ್ಷವಾಯಿತು. ಆದರೆ ಈ ಅಂಗಳದಲ್ಲಿ ಅವನ ಮಾತು ಬಂದಾಗ ಯಾರೂ ‘ಇದ್ದ’ ಎನ್ನುವ ಹಾಗಿಲ್ಲ. ಅಂದವರ ಮೇಲೆ ಕೊಡತಿ ಬರುತ್ತದೆ.

ಇದು ಒಂದು ಗಾದಿಯ ವಿಷಯ ಎಂದರೆ ಈ ಸೀಮೆಯವರು ಸಿಂಹಾಸನವೆಂದೇ ತಿಳಿದಾರು. ಗಾದಿ ಹೋದ ಕಥೆಗಳು ಇಲ್ಲಿ ಬೇಕಾದಷ್ಟಿವೆ. ಸುರಪುರದ ಗಾದಿ ಹೋಗಿ ನೂರು ವರ್ಷವಾಗುತ್ತ ಬಂತು. ಹೈದರಾಬಾದಿನ ಗಾದಿ ಹೋದದ್ದನ್ನು ಇಲ್ಲಿನ ಮಂದಿ ಕಣ್ಣಾರೆ ಕಂಡಿದ್ದಾರೆ. ಜಾಗೀರದಾರರ ಗಾದಿಗಳು ಯಾವ ಸಂತೆಯಲ್ಲಿ ಬಿಕರಿಯಾದವೋ ಹೇಳುವವರಿಲ್ಲ. ಅಲುಗದೆ ಉಳಿದಿರುವುದು ಪಿಂಜಾರ ಚಮನಬೀಯವರ ಮನೆಯ ಒಂದು ಗಾದಿ ಮಾತ್ರ. ನೀಲಿ ಪಟ್ಟಿಯ ದಪ್ಪ ಬಟ್ಟೆಯ ಗಲೀಫು, ಒಳಗೆ ಅರಳೆ, ಮೇಲೆ ಸಾಲುಸಾಲು ಹೊಲಿಗೆ. ಒಳಮನೆಯಲ್ಲಿ ಅಟ್ಟದ ಮೇಲೆ ಸುತ್ತಿ ಇಟ್ಟಿರುತ್ತದೆ. ಅದರ ಮೇಲೆ ಯಾರೂ ಕೂರುವುದಿಲ್ಲ, ಮಲಗುವುದಿಲ್ಲ. ಬಹುಶಃ ಉಳಿದಿರುವ ಗುಟ್ಟೂ ಅದೇ.

ಈ ಮನೆಯಲ್ಲಿ ಮೊದಲು ಕಮಾನು ಹಿಡಿಯುತ್ತಿದ್ದವರು ಮಸ್ತಾನಸಾಬ. ಸುರಪುರ, ಶಹಾಪುರ, ಕೆಂಭಾವಿ, ಒಮ್ಮೊಮ್ಮೆ ಯಾದಗಿರಿಯವರೆಗೂ ಹೆಗಲ ಮೇಲೆ ಕಮಾನು ಹೊತ್ತು ಹೊರಟರೆ ಓಣಿ ಓಣಿಯಲ್ಲಿ ನರ ಮೀಟಿ ಸದ್ದು ಮಾಡುತ್ತಿದ್ದರು. ಕೂಗುವ ಗೋಜಿಲ್ಲ; ‘ಟೊಂಯ್’ ಎಂದರೆ ಮಂದಿಗೆ ಹಳೆಯ ದಿಂಬು ನೆನಪಾಗುತ್ತಿತ್ತು. ಹರೆಯದಿಂದ ನುಂಗಿದ ಅರಳೆಯ ದೂಳು ಕೊನೆಗೆ ಎದೆಯಲ್ಲಿ ಮನೆ ಮಾಡಿತು. “ನನ್ನ ಎದ್ಯಾಗ ಒಂದು ತಲಿದಿಂಬು ಆಗೂವಷ್ಟು ಅರಳಿ ಅದ. ಯಾರರ ಬಿಚ್ಚಿ ಪಿಂಜಿದ್ರ ಛೊಲೊ ಆಗ್ತಿತ್ತು,” ಎನ್ನುತ್ತಾರೆ ಅವರು. ಆವತ್ತಿನಿಂದ ಕಮಾನು ಚಮನಬೀಯವರ ಕೈಗೆ ಬಂದಿದೆ.

ಬಂದದ್ದು ಸುಮ್ಮನೆ ಅಲ್ಲ. ಹೆಂಗಸರು ಗಲೀಫು ಹೊಲಿಯಬಹುದು, ದಬ್ಬಳ ಹಿಡಿಯಬಹುದು. ಕಮಾನು ಮುಟ್ಟುವಂತಿಲ್ಲ ಎಂಬುದು ಓಣಿಯ ಹಿರಿಯರ ಮಾತು. ಅದನ್ನು ಹೇಳಲೆಂದೇ ಫಕೀರಸಾಬರೆಂಬ ಹಿರಿಯರು ಗಡ್ಡ ನೀವಿಕೊಂಡು ಅಂಗಳಕ್ಕೆ ಬಂದಿದ್ದರು.

“ಬೇಟೀ, ಹೆಂಗಸರು ಕಮಾನು ಹಿಡದ್ರ ಮನಿ ಬರಕತ್ತು ಹೋಗ್ತದ, ಏಳ್ಗಿ ಇರಾಂಗಿಲ್ಲ.”

“ಹಿಡೀಲಿಲ್ಲಂದ್ರ ಮನಿ ಒಲಿ ಹೋಗ್ತದ, ಚಾಚಾ. ಯಾವುದು ಮೊದಲ ಹೋಗ್ಲಿ, ನೀವ ಹೇಳ್ರಿ.”

ಫಕೀರಸಾಬರು ಗಡ್ಡ ನೀವುವುದನ್ನು ಬಿಟ್ಟು ಮನೆಯ ದಾರಿ ಹಿಡಿದರು. ಮುಂದಿನ ಚಳಿಗಾಲದಲ್ಲಿ ಅವರ ಮನೆಯ ರಜಾಯಿಯೂ ಇದೇ ಅಂಗಳಕ್ಕೆ ಬಂತು.

ದಿನಕ್ಕೆ ಎಷ್ಟು ಗಾದಿ ಆಗುತ್ತದೆ ಎಂದು ಕೇಳಿದವರಿಗೆ ಚಮನಬೀ ಹೇಳುವ ಲೆಕ್ಕ ಒಂದೇ: “ಯಾರೂ ಮಾತಾಡಿಸ್ಲಿಲ್ಲಂದ್ರ ಒಂದು. ಮಾತಾಡಿಸಿದ್ರ ಅರ್ಧ. ಇವ್ರು ಮನ್ಯಾಗಿದ್ರ ಕಾಲು.” ಇವರೆಂದರೆ ಮಸ್ತಾನಸಾಬ. ಅವರು ಮನೆ ಬಿಟ್ಟು ಹೋಗುವುದಿಲ್ಲ.

ಪರವೂರಿಗೆ ಹೊರಟರೆ ಬಸ್ಸಿನ ರಗಳೆ ಬೇರೆ. ಕಮಾನು ಬಾಗಿಲಲ್ಲಿ ಹಿಡಿಯುವುದಿಲ್ಲ. ಕಿಟಕಿಯಲ್ಲಿ ತೂರಿಸಿದರೆ ಆ ಕಡೆ ಕೂತವರ ರುಮಾಲು ತೆಗೆಯುತ್ತದೆ. ಶಹಾಪುರದ ಹಾದಿಯ ಕಂಡಕ್ಟರನೊಬ್ಬ ಬಿಲ್ಲಿಗೂ ಟಿಕೀಟು ತೆಗೆಸಬೇಕೆಂದು ಹಟ ಹಿಡಿದಿದ್ದನಂತೆ. “ಬರೇ ಬಿಲ್ಲಪಾ ಇದು, ಬಾಣ ಇಲ್ಲ. ಅರ್ಧ ಟಿಕೀಟು ಹರಿ,” ಎಂದರಂತೆ ಚಮನಬೀ. ಅಂದಿನಿಂದ ಕಮಾನು ಬಸ್ಸಿನ ನೆತ್ತಿಯ ಮೇಲೆ, ಕುರಿಮರಿಗಳ ಜೊತೆ, ಪುಕ್ಕಟೆ ಹೋಗುತ್ತದೆ. ಯಾದಗಿರಿಯಲ್ಲಿ ಅರಳೆ ಪಿಂಜುವ ಯಂತ್ರ ಬಂದಿದೆ ಎಂಬ ಸುದ್ದಿಯನ್ನು ಹೇಳಿದವನೂ ಅದೇ ಕಂಡಕ್ಟರ. “ಬರ್ಲಿ ಬಿಡು. ಅದನ್ನರ ನೀ ಬಸ್ಸಿನ್ಯಾಗ ಹತ್ತಿಸ್ಕೊತಿಯೇನು?” ಎಂದು ಚಮನಬೀ ಅವನಿಗೇ ತಿರುಗಿ ಕೇಳಿದರಂತೆ.

ರಾಜ್ಯಗಳು ಒಂದಾಗಿ ಇನ್ನೂ ವರ್ಷ ತುಂಬಿಲ್ಲ. ಮೈಸೂರು ಕಡೆಯಿಂದ ವರ್ಗವಾಗಿ ಬಂದ ಅಧಿಕಾರಿಗಳ ಮನೆಯವರೂ ಈಗ ಗಾದಿ ಹಿಡಿದು ಬರುತ್ತಾರೆ. ಅವರು ಹೋದ ಮೇಲೆ ಚಮನಬೀ ನೆರೆಮನೆಯ ಸುಗರಾಬಿಗೆ ಆ ಮಾತನ್ನು ಆಡಿ ತೋರಿಸುವುದನ್ನು ನೋಡಬೇಕು. ಸೆರಗು ಸರಿಮಾಡಿಕೊಂಡು, ತುಟಿ ಕಿರಿದು ಮಾಡಿ: “‘ಅಮ್ಮಾ, ಈ ಹಾಸಿಗೆ ಯಾವಾಗ ಆಗುತ್ತೆ? ಸ್ವಲ್ಪ ಬೇಗ ಮಾಡ್ಕೊಡ್ತೀರಾ?’ ಅಯ್ಯ, ಬಾಯಾಗ ಪಿಂಜಿದ ಅರಳಿ ಇಟ್ಕೊಂಡು ಮಾತಾಡ್ದಂಗ ಮಾತಾಡ್ತಾರಬೇ. ಕೇಳಾಕ ಛೊಲೊ ಇರ್ತದ. ಆದ್ರ ‘ಸ್ವಲ್ಪ ಬೇಗ’ ಅಂದ್ರ ಇವತ್ತ ಸಂಜಿಗೆ ಅಂತ ನಂಗ ಯಾರು ಹೇಳ್ಬೇಕು? ಮೊದ್ಲು ಕಚೇರಿಯವ್ರು ಉರ್ದೂದಾಗ ಬೈತಿದ್ರು. ಈಗ ಕನ್ನಡದಾಗ ಬೈತಾರ. ಪೂರಾ ತಿಳೀತದ, ಅದಕ್ಕ ತ್ರಾಸ ಹೆಚ್ಚಾಗ್ಯಾದ.”

ಅಟ್ಟದ ಮೇಲಿನ ಗಾದಿಯ ಮಾತಿಗೆ ಬಂದರೆ ಮಾತ್ರ ಈ ಅಣಕ ನಿಲ್ಲುತ್ತದೆ.

ಹೈದರಾಬಾದಿಗೆ ಭಾರತದ ದಂಡು ಬಂದ, ಪೊಲೀಸ್ ಆ್ಯಕ್ಷನ್ನಿನ ಆ ಮಳೆಗಾಲ. ಯಾರು ಯಾರನ್ನು ಓಡಿಸುತ್ತಿದ್ದಾರೆ ಎಂಬುದು ಓಡುವವರಿಗೂ ತಿಳಿಯದ ದಿನಗಳು. ಗಂಡ ಹೆಂಡತಿ ಇಬ್ಬರೂ ಉಟ್ಟ ಬಟ್ಟೆಯಲ್ಲಿ ಕೃಷ್ಣೆಯ ದಂಡೆಗೆ ಬಂದು ನಿಂತಾಗ ಹೊಳೆ ತುಂಬಿ ಹರಿಯುತ್ತಿತ್ತು. ಅಲ್ಲಿ ಹರಗೋಲು ಮಗುಚಿ ಹಾಕಿ ಅದರಡಿ ಮಳೆಗೆ ಕೂತಿದ್ದ ಅಂಬಿಗರ ಹುಡುಗನೇ ದ್ಯಾವಪ್ಪ. ಗುರುತಿಲ್ಲ, ಪರಿಚಯವಿಲ್ಲ. ಎಲ್ಲಿಯವರು, ಯಾಕೆ ಬಂದಿರಿ ಎಂದು ಅವನು ಕೇಳಲಿಲ್ಲ. ಕೇಳಿದ್ದು ಒಂದೇ.

“ಯಣ್ಣಾ, ಆ ಕಮಾನ ಬಿಡ್ತೀಯೋ, ಜೀವ ಬಿಡ್ತೀಯೋ?”

ಮಸ್ತಾನಸಾಬ ಸ್ವಲ್ಪ ಹೊತ್ತು ಯೋಚನೆ ಮಾಡಿದರಂತೆ. ಆ ಯೋಚನೆಗಾಗಿ ಚಮನಬೀ ಅವರನ್ನು ಇವತ್ತಿಗೂ ಕ್ಷಮಿಸಿಲ್ಲ. “ಹಿಂದ ಮಂದಿ ಬರಾಕತ್ತಾರ, ಮುಂದ ಹೊಳಿ. ಈ ಮನುಷ್ಯಾ ಕಮಾನು ತಬ್ಬಿ ನಿಂತು ವಿಚಾರ ಮಾಡ್ತದ!” ದ್ಯಾವಪ್ಪ ಮೂವರನ್ನೂ ಹತ್ತಿಸಿಕೊಂಡ; ಮೂರನೆಯದು ಕಮಾನು. ನಡುಗಡ್ಡೆಯೊಂದರಲ್ಲಿ ಕುರಿ ಕಾಯುವವರ ಗುಡಿಸಲಿನಲ್ಲಿ ಅವರನ್ನು ಇಳಿಸಿ, ಗದ್ದಲ ತಣ್ಣಗಾಗುವ ತನಕ ತನ್ನ ಮನೆಯ ರೊಟ್ಟಿ ತಂದುಕೊಟ್ಟ. ಮಸ್ತಾನಸಾಬ ಆ ಗಡ್ಡೆಯಲ್ಲಿ ಕುರುಬರ ಉಣ್ಣೆ ಪಿಂಜಿ ಹೊತ್ತು ಕಳೆದರು.

ಮುಂದಿನ ಬೇಸಿಗೆಯಲ್ಲಿ ದ್ಯಾವಪ್ಪನಿಗೂ ಮರಿಲಿಂಗಮ್ಮನಿಗೂ ಮದುವೆ. ಪಿಂಜಾರರ ಬಳಿ ಕೊಡಲು ಏನಿದೆ? ಮಸ್ತಾನಸಾಬ ತಿಂಗಳುಗಟ್ಟಲೆ ಕೂಲಿಯ ಬದಲು ಅರಳೆಯನ್ನೇ ಕೇಳಿ ತಂದರು. ಚಮನಬೀ ಬೀಜದ ಚೂರೂ ಉಳಿಯದ ಹಾಗೆ ಆರಿಸಿದರು. ಗಂಡ ಪಿಂಜಿದರು, ಹೆಂಡತಿ ಹೊಲಿದರು, ಇಬ್ಬರೂ ಸರದಿಯಲ್ಲಿ ತಲೆಯ ಮೇಲೆ ಹೊತ್ತು ಹೊಳೆದಂಡೆಗೆ ಒಯ್ದರು. ಮದುವೆಯ ಉಡುಗೊರೆಗೆ ಇಲ್ಲಿ ಆಯೇರಿ ಎನ್ನುತ್ತಾರೆ. ಯಾರದು ಏನು ಎಂದು ಹಂದರದಲ್ಲಿ ಒಬ್ಬ ಎದ್ದು ನಿಂತು ಕೂಗುತ್ತಾನೆ. ಒಮ್ಮೆ ಕೂಗಿದ್ದನ್ನು ಮರಳಿ ಪಡೆಯುವಂತಿಲ್ಲ.

“ಪಿಂಜಾರ ಮಸ್ತಾನಸಾಬರ ಆಯೇರಿ, ಒಂದ್ ಗಾದೀ...” ಎಂದು ಕೂಗಿದವನು ಎಳೆದಾಗ, “ಯಾವ ಊರಿಂದೋ?” ಎಂದು ಯಾರೋ ಕೇಳಿದರು. ಹಂದರ ಹಂದರವೇ ನಕ್ಕಿತು.

ಹರಗೋಲಿನವರ ಮನೆಗೆ ಗಾದಿ ಬಂದದ್ದು ಅದೇ ಮೊದಲು. ಮದುಮಕ್ಕಳಿಗಿಂತ ಮುಂಚೆ ಊರ ಮುದುಕರೆಲ್ಲ ಒಬ್ಬೊಬ್ಬರಾಗಿ ಮಲಗಿ ನೋಡಿದರು. ಬಂದ ಬೀಗರಿಗೆ ಅದನ್ನೇ ಹಾಸಿದರು. ಮೇಲಿಂದ ಹೊಳೆದಂಡೆಯ ತಂಪು. ವರ್ಷ ತುಂಬುವಷ್ಟರಲ್ಲಿ ಅರಳೆ ಗಂಟುಗಟ್ಟಿತು. ಮಳೆ ಹಿಡಿಯುವ ಮುಂಚೆ ದ್ಯಾವಪ್ಪ, ಮರಿಲಿಂಗಮ್ಮ ಇಬ್ಬರೂ ಅದನ್ನು ಹೊತ್ತು ರಂಗಂಪೇಟೆಗೆ ಬಂದರು. ಅಂಗಳದಲ್ಲಿ ಧೊಪ್ಪನೆ ಇಳಿಸಿ ಮರಿಲಿಂಗಮ್ಮ ಸೊಂಟದ ಮೇಲೆ ಕೈಯಿಟ್ಟಳು.

“ಕಾಕೀ, ನಿನ್ನ ಗಾದಿ ಒಣಗಿದ ಕಟಿರೊಟ್ಟಿ ಆಗ್ಯಾದ ನೋಡು. ಮಗ್ಗಲ ಹೊಳ್ಳಿಸಿದ್ರ ಕಟಕ್ ಅಂತದ!”

“ಹೊಳ್ಯಾಗ ಇಟ್ಟು ನಂಗ ಅಂತೀಯಲ್ಲೇ ಹುಚ್ಚಿ! ಬಿಟ್ಟು ಹೋಗು. ಬರೂ ವಾರ ಬಾ, ಮಲ್ಲಿಗಿ ಮಾಡಿ ಇಟ್ಟಿರ್ತೀನಿ.”

ಮರಿಲಿಂಗಮ್ಮ ನಗುತ್ತ ಹೋದಳು. ಆ ವಾರ ಮೇಲಿನಿಂದ ಹೊಸ ನೀರು ಹೇಳದೆ ಕೇಳದೆ ಇಳಿಯಿತು. ಆಚೆ ದಂಡೆಯಿಂದ ಗಂಡ ಹೆಂಡತಿ ಇಬ್ಬರೇ ಬರುತ್ತಿದ್ದರು. ಹರಗೋಲಿನ ಮುರಿದ ಬಿದಿರು ಮೂರು ಊರು ಕೆಳಗೆ ಸಿಕ್ಕಿತು. ಅವರು ಸಿಗಲಿಲ್ಲ. ಸುದ್ದಿ ಬಂದಾಗ ಗಾದಿ ಬಿಚ್ಚಿಯಾಗಿತ್ತು, ಅರಳೆ ಅಂಗಳದಲ್ಲಿ ಹರಡಿತ್ತು. ಮಸ್ತಾನಸಾಬ ಪಿಂಜಿ ಮುಗಿಸಿದರು. ಚಮನಬೀ ಹೊಲಿದರು. ದ್ಯಾವಪ್ಪನ ಕಡೆಯವರಿಗೆ ಒಯ್ದರೆ ಅವರು ಕೈ ಮುಗಿದು, ನೋಡಿದರೆ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತದೆ, ನಿಮ್ಮಲ್ಲೇ ಇರಲಿ ಎಂದರು.

ಅಂದಿನಿಂದ ಪ್ರತಿ ವರ್ಷ ಮಳೆಗೆ ಮುಂಚೆ ಆ ಗಾದಿ ಅಟ್ಟದಿಂದ ಇಳಿಯುತ್ತದೆ. ಬಿಚ್ಚಿ, ಬಿಸಿಲು ಕಾಣಿಸಿ, ಪಿಂಜಿ, ಮತ್ತೆ ಹೊಲಿದು ಮೇಲಿಡುತ್ತಾರೆ. ಸುಮ್ಮನೆ ಇಟ್ಟರೆ ಅರಳೆ ಗಟ್ಟಿಯಾಗುತ್ತದೆ, ಹುಳ ಬೀಳುತ್ತದೆ. ಬಿಚ್ಚದೆ ಈ ವಸ್ತುವನ್ನು ಕಾಪಾಡಲು ಬರುವುದಿಲ್ಲ. ಬುದ್ಧಿ ಹೇಳುವವರಿಗೂ ಬರವಿಲ್ಲ. ದರ್ಗಾಕ್ಕೆ ಕೊಡು ಎಂದವರು ಫಕೀರಸಾಬ. ನೀವೇ ಮಲಗಿರಿ ಎಂದದ್ದು ಸುಗರಾಬಿ.

“ನಂದೇನು ಅದು, ದಾನ ಮಾಡಾಕ?” ಚಮನಬೀಯವರ ಧ್ವನಿ ಏರುತ್ತದೆ. “ಕೊಟ್ಟದ್ದು ಅವತ್ತ ಕೊಟ್ಟಾಗ್ಯಾದ, ಹಂದರದಾಗ ಕೂಗ್ಯಾಗ್ಯಾದ. ಅದು ಅವ್ರದು. ಪಿಂಜಾಕ ಅಂತ ನಮ್ಮ ಕಡಿ ಬಿಟ್ಟು ಹೋಗ್ಯಾರ. ಪಿಂಜಿ ಇಟ್ಟೀನಿ. ಇದ್ರಾಗ ತಿಳೀಲಾರದ್ದು ಏನದ?”

ತಿಳಿಯದ್ದು ಏನೂ ಇಲ್ಲ. ಕಷ್ಟವೊಂದಿದೆ. ಪ್ರತಿ ಸಲ ಪಿಂಜಿದಾಗಲೂ ಎಳೆ ತುಂಡಾಗುತ್ತದೆ, ಒಂದಿಷ್ಟು ದೂಳಾಗಿ ಹಾರುತ್ತದೆ. ಹಾಗೆ ಹಾರಿ ಹಾರಿ ದ್ಯಾವಪ್ಪನ ಗಾದಿ ತೆಳ್ಳಗಾಗಿ ಈಗ ಕೌದಿಯ ಲೆಕ್ಕಕ್ಕೆ ಬಂದಿದೆ. ಹೋದ ವರ್ಷ ಮೋಟು ಎಳೆ ನರಕ್ಕೆ ಹತ್ತದೆ ಜಾರುತ್ತಿತ್ತು. ಎರಡು ಹಿಡಿ ಹೊಸದು ಸೇರಿಸು ಎಂದು ಮಸ್ತಾನಸಾಬ ಗೋಗರೆದರು. ಚಮನಬೀ ಒಪ್ಪಲಿಲ್ಲ. ಪಿಂಜಾರರ ಕಸುಬಿನಲ್ಲಿ ಒಂದೇ ಒಂದು ಕಟ್ಟಳೆ: ಒಬ್ಬರ ಮನೆಯ ಅರಳೆ ಇನ್ನೊಬ್ಬರ ಮನೆಗೆ ಹೋಗಬಾರದು. ಅದಲು ಬದಲಾದೀತೆಂದು ಮಂದಿ ಪಿಂಜುವವರ ಮುಂದೆಯೇ ಕಾವಲು ಕೂರುತ್ತಾರೆ. “ಕಾವಲು ಕೂಡಾಕ ದ್ಯಾವಪ್ಪ ಇಲ್ಲೇ ಇಲ್ಲ. ಅಂವಾ ನೋಡಾಂಗಿಲ್ಲ ಅಂತ ನಾ ಕಲಬೆರಕಿ ಮಾಡ್ಲೇನು?”

ಹೀಗೆ ಏಳು ವರ್ಷ ಹೊರಗಿನ ಒಂದು ಎಳೆಯೂ ಸೇರದಂತೆ ಕಾದ ಗಾದಿ. ಅದು ನಿನ್ನೆ ಮಧ್ಯಾಹ್ನ ಹೋಯಿತು.

ಕೆಂಭಾವಿಯ ವ್ಯಾಪಾರಿ ಪಂಪಣ್ಣನವರ ಮಗಳ ಮದುವೆ ಹತ್ತಿರ ಬಂದಿದೆ. ಅವರು ಹೊಸ ಅರಳೆಯ ಚೀಲ ಕಳಿಸಿದ್ದರು. ಚಮನಬೀ ಅದನ್ನು ಅಂಗಳದ ಒಂದು ಮೂಲೆಯಲ್ಲಿ ಸುರುವಿ, ಇನ್ನೊಂದು ಮೂಲೆಯಲ್ಲಿ ದ್ಯಾವಪ್ಪನ ಅರಳೆಯನ್ನು ಬಿಸಿಲಿಗೆ ಹರಡಿದ್ದರು. ಎರಡರ ಮೇಲೂ ಸೀರೆ ಮುಚ್ಚಿ ಕಲ್ಲು ಹೇರಿದ್ದರು. ನರ ಸಡಿಲಾಗಿತ್ತೆಂದು ಹೊಸದು ತರಲು ಹೊರಟಾಗ ಗಂಡನಿಗೆ ಹೇಳಿದ್ದು ಎರಡೇ ಮಾತು: “ಕುಂತಲ್ಲಿಂದ ಏಳಬ್ಯಾಡ್ರಿ. ಏನನ್ನೂ ಮುಟ್ಟಬ್ಯಾಡ್ರಿ.”

ಸುಳಿಗಾಳಿ ಬಂತು. ಸೀರೆ ಹಾರಿತು. ಅರಳೆ ಎದ್ದಿತು. ಮಸ್ತಾನಸಾಬರು ಎಲ್ಲವನ್ನೂ ಸಹಿಸಿಯಾರು, ಕಣ್ಣ ಮುಂದೆ ಅರಳೆ ಹಾರಿಹೋಗುವುದನ್ನು ಸಹಿಸಲಾರರು. ಎದ್ದರು. ಬೇವಿನ ಕೊಂಬೆಯಿಂದ, ಗೋಡೆಯ ಮೇಲಿಂದ, ಸುಗರಾಬಿಯ ಒಲೆಯ ಬಾಯಿಂದ ಒಂದೊಂದು ಎಳೆಯನ್ನೂ ಹಿಡಿದು ತಂದು, ಕೆಮ್ಮುತ್ತ ಕೆಮ್ಮುತ್ತ ಒಂದೇ ಕಡೆ ಒಟ್ಟಿದರು. ಮತ್ತೆ ಹಾರದಿರಲಿ ಎಂದು ಕೈಯಾಡಿಸಿ, ಒತ್ತಿ, ಕಲ್ಲು ಹೇರಿದರು. ಸರಕಾರ ಆಯೋಗದ ಮೇಲೆ ಆಯೋಗ ಕೂರಿಸಿ ವರ್ಷಗಟ್ಟಲೆ ಮಾಡಿದ ಏಕೀಕರಣವನ್ನು ಮಸ್ತಾನಸಾಬ ಎರಡು ಕೆಮ್ಮಿನ ನಡುವೆ ಮಾಡಿ ಮುಗಿಸಿದ್ದರು. ಹೆಂಡತಿ ಬಂದಾಗ ಎದೆ ಉಬ್ಬಿಸಿ ನಿಂತಿದ್ದರು ಕೂಡ.

“ಒಂದ್ ಎಳಿ ಹೋಗಗೊಡ್ಲಿಲ್ಲ ನೋಡು!”

ಚಮನಬೀ ಅಲ್ಲಿಯೇ ರಾಶಿಯ ಮುಂದೆ ಕೂತರು. ಇಡೀ ಓಣಿ ಅವರ ಬೈಗುಳಕ್ಕೆ ಕಾದಿತ್ತು. ಬಾಯಿ ಬರಲಿಲ್ಲ. ಅದಕ್ಕೇ ಓಣಿ ಹೆದರಿತು. ಬೆಳಗಿನ ಜಾವ ಬಾಯಿ ಮರಳಿ ಬಂದಾಗ ಎಲ್ಲರಿಗಿಂತ ಹೆಚ್ಚು ನಿರಾಳವಾದವರು ಮಸ್ತಾನಸಾಬರೇ.

ಹೊತ್ತು ಏರುತ್ತಿದ್ದಂತೆ ಪಂಪಣ್ಣನವರು ಬಂದೇಬಿಟ್ಟರು. ದೊಡ್ಡ ರುಮಾಲು, ಬೆವರಿದ ಮುಖ, ಮದುವೆಯ ಹತ್ತಾರು ಕೆಲಸ ಹಣೆಯಲ್ಲಿ ಗಂಟುಗಟ್ಟಿವೆ.

“ಚಮನಬೀ, ನಮ್ಮ ಗಾದಿ ಎಲ್ಲಿಗೆ ಬಂತು?”

“ಎಲ್ಲೂ ಬರಲಿಲ್ರಿ, ಸಾವ್ಕಾರ್ರ. ಹೋತು.” ಚಮನಬೀ ರಾಶಿಯನ್ನು ತೋರಿಸಿದರು. “ಮುಚ್ಚಿಡಾಕ ಬರ್ತಿತ್ತು. ಪಿಂಜಿ ಹೊಲಿದು ಕೊಟ್ಟಿದ್ರ ನಿಮಗ ಗೊತ್ತ ಆಗ್ತಿದ್ದಿಲ್ಲ. ನಾ ಆ ಪೈಕಿ ಅಲ್ಲ. ನಿಮ್ಮ ಅರಳ್ಯಾಗ ದ್ಯಾವಪ್ಪನ ಅರಳಿ ಕೂಡ್ಯಾದ.”

“ಯಾವ ದ್ಯಾವಪ್ಪ?” ಎಂದ ಪಂಪಣ್ಣ ಎರಡು ಹೆಜ್ಜೆ ಹಿಂದೆ ಸರಿದರು. “ಹರಗೋಲ ದ್ಯಾವಪ್ಪ? ಅಲ್ಲಬೇ, ಮಗಳ ಮದುವಿ ಗಾದ್ಯಾಗ ಹೊಳಿ ಪಾಲಾದವ್ರ ಅರಳಿ? ನಮ್ಮವ್ವಗ ತಿಳದ್ರ ನನ್ನನ್ನೂ ಅದ ಹೊಳಿಗೆ ನೂಕ್ತಾಳ!”

“ಅದಕ್ಕ ಹೇಳಾಕತ್ತೀನ್ರಿ. ನಿಮ್ಮ ಅರಳಿ ನಾ ತುಂಬಿ ಕೊಡ್ತೀನಿ. ಈ ಮಳಿಗಾಲ ಪೂರಾ ದುಡದು ಕೊಡ್ತೀನಿ.”

“ಮದುವಿ ಇರೋದು ಮುಂದಿನ ಸೋಮಾರ! ಮಳಿಗಾಲ ಮುಗಿಯೂತನ ಬೀಗರನ್ನ ನಿಂದ್ರಸ್ಲೇನು?”

“ನಂದೇನು ಖುಷಿಯೇನ್ರಿ? ನಿಮಗ ಪ್ಯಾಟಿಗೆ ಹೋದ್ರ ಬ್ಯಾರೆ ಅರಳಿ ಸಿಗ್ತದ. ನಂಗ ದ್ಯಾವಪ್ಪಂದು ಎಲ್ಲಿ ಸಿಗ್ತದ, ಹೇಳ್ರಿ?”

ಇಬ್ಬರೂ ಏರು ದನಿಯಲ್ಲಿದ್ದರು. ಸುಗರಾಬಿ ಗೋಡೆಯ ಮೇಲಿಂದ ಇಣುಕಿದಳು. ಆಗ ಹೊರಸಿನ ಮೇಲಿಂದ ಮಸ್ತಾನಸಾಬರ ದನಿ ಬಂತು, ಬಲು ಮೆತ್ತಗೆ.

“ಸಾವ್ಕಾರ್ರ, ದ್ಯಾವಪ್ಪನ ಮದುವ್ಯಾಗ ಆಯೇರಿ ಕೂಗೂ ಮುಂದ ನಾ ಅಲ್ಲೇ ಕುಂತಿದ್ದೆ. ನಿಮ್ಮ ಹೆಸರು ಬಂದಂಗ ನೆನಪಿಲ್ಲ.”

“ನಿಮ್ಮ ಬಾಯಿಗೆ ಅರಳಿ ತುರುಕ್ಲೇನು?” ಚಮನಬೀ ತಿರುಗಿದರು. “ನಿನ್ನಿ ಮಾಡಿದ್ದು ಸಾಲದೇನು?”

ಪಂಪಣ್ಣನವರ ಮುಖ ಕೆಂಪಾಯಿತು. “ಕರದಿದ್ದ ಅಂವಾ. ನಾ ಸಂತಿಗೆ ಹೋಗಿದ್ದೆ. ಆಮ್ಯಾಲ ಪ್ರತಿ ವಾರ ಅವನ ಹರಗೋಲಿನ್ಯಾಗ ಶೇಂಗಾ ಚೀಲ ಹಾಕ್ಕೊಂಡು ದಾಟ್ತಿದ್ದೆ. ನಡು ಹೊಳ್ಯಾಗ ತಂದು ಬುಗುರಿ ತಿರಿಗಿಸ್ದಂಗ ತಿರಗಸ್ತಿದ್ದ, ಮಗಾ. ‘ಸಾವ್ಕಾರ್ರ, ನನ್ನ ಆಯೇರಿ ಕೊಡ್ತೀರೋ, ಇನ್ನೊಂದು ಸುತ್ತು ಹಾಕ್ಲೋ?’ ನಾ ಕಣ್ಣು ಮುಚ್ಚಿ, ಚೀಲ ತಬ್ಬಿ, ‘ಬರೂ ವಾರಪಾ, ಬರೂ ವಾರ’ ಅಂತಿದ್ದೆ.” ಹೇಳುತ್ತ ಹೇಳುತ್ತ ಅವರು ಅಂಗಳದ ನಡುವೆ ರುಮಾಲು ಹಿಡಿದು ಒಂದು ಸುತ್ತು ತಿರುಗಿಯೂ ತೋರಿಸಿದರು. ಸುಗರಾಬಿ ಕಿಸಕ್ಕನೆ ನಕ್ಕಳು. ಮಸ್ತಾನಸಾಬ ನಕ್ಕು ಕೆಮ್ಮಿದರು. ತಿರುಗುವುದು ನಿಂತಾಗ ಯಾರೂ ನಗುತ್ತಿರಲಿಲ್ಲ.

ಪಂಪಣ್ಣನವರು ರುಮಾಲು ಕೊಡವಿ ಮತ್ತೆ ಸುತ್ತಿಕೊಂಡರು. “ಇದನ್ನ ಮನಿಗೂ ಒಯ್ಯಾಂಗಿಲ್ಲ, ನಿನ್ನ ಕಡಿಂದ ಬದಲಿ ಈಸ್ಕೊಳ್ಳಾಕೂ ಮನಸಿಲ್ಲ. ಹೋಗ್ಲಿ. ನನ್ನ ಪಾಲಿನ ಅರಳಿ ಅಂವಗ ನನ್ನ ಆಯೇರಿ. ಕೂಗಪಾ ಮಸ್ತಾನಣ್ಣ, ಒಮ್ಮೆ ಮುಗಸಿಬಿಡು. ನಾಳಿ ಮುಂಜಾನಿ ಬ್ಯಾರೆ ಚೀಲ ಕಳಸ್ತೀನಿ. ಅದನ್ನರ ಗಾಳಿಗೆ ಕೊಡಬ್ಯಾಡ್ರಿ.”

ಮಸ್ತಾನಸಾಬ ಗೋಡೆ ಹಿಡಿದು ಎದ್ದರು. ಟೊಪ್ಪಿಗೆ ಸರಿಮಾಡಿಕೊಂಡರು. ಮದುವೆಯ ಹಂದರದಲ್ಲಿ ಕೂಗುವವನ ರಾಗವನ್ನೇ ಎಳೆದರು.

“ಕೆಂಭಾವಿ ಪಂಪಣ್ಣನವರ ಆಯೇರಿ... ದ್ಯಾವಪ್ಪ ಮರಿಲಿಂಗಮ್ಮಗ... ಒಂದ್ ಚೀಲ ಅರಳೀ...”

‘ಅರಳೀ’ ಎಂಬಲ್ಲಿ ಕೆಮ್ಮು ಬಂದು ರಾಗ ಮುರಿಯಿತು. ಚಮನಬೀ ನೀರಿನ ಚಂಬು ತಂದು ಅವರ ಕೈಯಲ್ಲಿ ತುರುಕಿದರು. ತುರುಕಿದ ರೀತಿಗೆ ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿತು. ಅವರ ಸಿಟ್ಟು ಇಳಿದಿರಲಿಲ್ಲ. ಏಳು ವರ್ಷದ ಕಟ್ಟಳೆಯನ್ನು ಇಬ್ಬರು ಗಂಡಸರು ತನ್ನನ್ನು ಒಂದು ಮಾತು ಕೇಳದೆ ಬಗೆಹರಿಸಿಬಿಟ್ಟಿದ್ದಾರೆ. ಬೇಡ ಎನ್ನಲು ಬಾಯಿ ತೆರೆದರು. ಬಾಯಿಂದ ಬಂದದ್ದು ಬೇರೆ.

“ನಾ ಹಾಕಿದ್ರ ಅದು ಕಲಬೆರಕಿ ಆಗ್ತಿತ್ತು,” ಎಂದರು, ಯಾರ ಮುಖವನ್ನೂ ನೋಡದೆ. “ಅವ್ರ ಹೆಸರಿಗೆ ಬಂದ ಆಯೇರಿ ಅವ್ರದ. ಬ್ಯಾಡ ಅನ್ನಾಕ ನಾ ಯಾರು?”

ಆಮೇಲೆ ಬೆಳಗಿನಿಂದ ಕಣ್ಣು ನೋಯುವಂತೆ ಆರಿಸಿದ್ದ ಎಡಗಡೆಯ ಒಂದು ಹಿಡಿಯನ್ನೂ ಬಲಗಡೆಯ ಹಿಡಿಗಳನ್ನೂ ಎತ್ತಿ ತಾವೇ ನಡುವಿನ ರಾಶಿಗೆ ಹಾಕಿದರು. ಹಾಕಿ, ಪಂಪಣ್ಣನವರ ಕಡೆ ತಿರುಗಿದರು.

“ಆದ್ರೂ ಎಂಟು ವರ್ಷ ತಡ ಮಾಡಿದ್ರಿ, ಸಾವ್ಕಾರ್ರ. ಅದೂ ಗಾಳಿ ಬಂದು ಕೇಳಿದ ಮ್ಯಾಲ.”

ಮರುದಿನದ ನಸುಕು. ಗಾಳಿ ಇನ್ನೂ ಮಲಗಿದೆ. ಕೆಂಭಾವಿಯಿಂದ ಬರುವ ಹೊಸ ಚೀಲಕ್ಕೆ ಒಳಮನೆಯಲ್ಲಿ ಜಾಗ ಮಾಡಿ, ಬಾಗಿಲ ಚಿಲಕ ನೋಡಿ ಆಗಿದೆ. “ಈ ಸಲ ಗಾಳಿ ಬಂದ್ರ ಅರಳಿ ಕಟ್ಟಾಂಗಿಲ್ಲ. ನಿಮ್ಮನ್ನ ಕಟ್ತೀನಿ, ಹೊರಸಿಗೆ,” ಎಂದು ಮಸ್ತಾನಸಾಬರಿಗೆ ತಾಕೀತಾಗಿದೆ. ಕೊಡತಿ ನರಕ್ಕೆ ಬೀಳುತ್ತದೆ. ಹೋದ ವರ್ಷ ಜಾರುತ್ತಿದ್ದ ಮೋಟು ಎಳೆ ಈಗ ಉದ್ದ ಎಳೆಯ ಕೈ ಹಿಡಿದು ಮೇಲೇಳುತ್ತದೆ. ಸದ್ದೇ ಬೇರೆಯಾಗಿದೆ. ಹೊರಸಿನ ಮೇಲೆ ಮಸ್ತಾನಸಾಬರ ಕಿವಿ ನಿಮಿರುತ್ತದೆ.

ನೀಲಿ ಪಟ್ಟಿಯ ಗಲೀಫು ತುಂಬಿ, ಇನ್ನೂ ಉಳಿಯುತ್ತದೆ. ಉಳಿದದ್ದರಲ್ಲಿ ಎರಡು ತಲೆದಿಂಬು. ಚಮನಬೀ ದಬ್ಬಳದಲ್ಲಿ ಕೊನೆಯ ಹೊಲಿಗೆ ಎಳೆದು, ದಾರವನ್ನು ಹಲ್ಲಿನಿಂದ ಕಡಿದು, ಗಾದಿಯನ್ನು ಅಂಗಳದಲ್ಲಿ ಹಾಸುತ್ತಾರೆ. ಅಂಗೈ ಒತ್ತಿ ತೆಗೆಯುತ್ತಾರೆ. ಒತ್ತಿದ ಜಾಗ ನಿಧಾನವಾಗಿ ಮೇಲೇಳುತ್ತದೆ.

“ಇನ್ನೂ ಎಷ್ಟು ವರ್ಷ ಹಿಂಗ ಬಿಚ್ಚಿ ಬಿಚ್ಚಿ ಹೊಲಿತೀಬೇ ಯಕ್ಕಾ?” ಗೋಡೆಯ ಮೇಲಿಂದ ಸುಗರಾಬಿ ಕೇಳುತ್ತಾಳೆ. “ನಿನಗರ ಏನು ಬರ್ತದ ಇದ್ರಾಗ?”

ಚಮನಬೀ ಹುಬ್ಬಿನ ಅರಳೆ ಒರೆಸಿಕೊಳ್ಳುತ್ತಾರೆ. ಗಾದಿಯನ್ನು ಇನ್ನೊಮ್ಮೆ, ಈ ಸಲ ಮೊಣಕೈಯಿಂದ, ಬಲವಾಗಿಯೇ ಒತ್ತಿ ನೋಡುತ್ತಾರೆ.

“ಬರ್ಲಿ ಆ ಮರಿಲಿಂಗಿ,” ಎನ್ನುತ್ತಾರೆ. “ಈಗ ಅನ್ನಲಿ ನೋಡೂನು, ಕಟಿರೊಟ್ಟಿ ಅಂತ.”